ನಡುಗಂಬ ತೆಗೆದ ಅಂಗಡಿ

ಗಾದಿಯ ಮೇಲೆ ಒಂದು ಚಿಟಿಕೆ ಕೆಂಪು ಮಣ್ಣು ಉದುರಿತು. ಗದ್ದೆಮ್ಮ ಅಂಗೈಯಿಂದ ಸವರಿ ತೆಗೆದಳು. ಮತ್ತೆ ಉದುರಿತು.

ಮಸ್ಕಿಯ ಬಜಾರಿನ ಆ ಮನೆ ಅವಳ ಮಾವನ ಕಾಲದ್ದು. ಸಾಗುವಾನಿ ಕಂಬ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಮಣ್ಣಿನ ಮಾಳಿಗೆ. ಮಗ ವಿರೇಶ ಪಡಸಾಲೆಯನ್ನು ಸೀರೆ ಅಂಗಡಿ ಮಾಡಿದಾಗ, ಗಿರಾಕಿಗಳಿಗೆ ಅಡ್ಡವಾಗುತ್ತದೆಂದು ನಡುಗಂಬವನ್ನು ಕೊಯ್ಯಿಸಿ, ತೊಲೆ ಕಾಣದಂತೆ ಬಿಳಿ ಶೀಟು ಹೊಡೆಸಿದ್ದ. ಮುಂಗಾರಿಗೆ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹಾಕಿಸುವುದು ಮನೆಯ ರೂಢಿ. ಈ ಸಲವೂ ಗದ್ದೆಮ್ಮ ಒಂದು ಟ್ರ್ಯಾಕ್ಟರ್ ಮಣ್ಣು ಏರಿಸಿದ್ದಳು. ಕೆಳಗೆ ಕಂಬವಿಲ್ಲ ಎಂಬುದು ಆಗ ಹೊಳೆದಿರಲೇ ಇಲ್ಲ. ನಿನ್ನೆಯ ಮಳೆಯನ್ನೆಲ್ಲ ಆ ಮಣ್ಣು ಕುಡಿದು ಕುಳಿತಿತ್ತು.

ಮೇಲೆ ಏನೋ ಕಟಕ್ಕೆಂದಿತು.

"ವಿರೇಶ, ಸಪ್ಳ ಕೇಳಿತೇನಪ್ಪ?"

"ಇಲಿ ಬೇ ಯವ್ವ. ಮದಿವಿ ಗಿರಾಕಿ ಕುಂತಾರ, ಸುಮ್ನಿರು."

ಮುಕ್ಕುಂದದಿಂದ ಬಂದ ಮದುವೆ ಮನೆಯ ಹೆಂಗಸರು ಗಾದಿ ತುಂಬ ಕುಳಿತಿದ್ದರು. ಅವರಲ್ಲಿ ಹಿರಿಯಳಾದ ಆದಮ್ಮ, "ನಿಮ್ಮ ಅಂಗಡ್ಯಾಗ ಇಲಿನೂ ಸೀರಿ ಉಡಾಕತ್ತಾವೇನು?" ಎಂದಳು. ಎಲ್ಲರೂ ನಕ್ಕರು. ಗದ್ದೆಮ್ಮ ತಲೆಯೆತ್ತಿ ಶೀಟು ನೋಡಿದಳು; ಅದು ಇಲಿಯಲ್ಲ, ಕಂಬವಿಲ್ಲದ ತೊಲೆ. ಮಾಳಿಗೆ ಕುಸಿಯುತ್ತದೆ ಎಂದು ಕೂಗಿದರೆ ಬಾಗಿಲಲ್ಲೇ ತುಳಿದಾಟ.

"ಅಕ್ಕಾರ, ಟ್ಯೂಬ್‌ಲೈಟಿನಾಗ ಬಣ್ಣ ಸುಳ್ಳು ಹೇಳ್ತೈತಿ. ಬಿಸಿಲಿಗೆ ಬರ್ರಿ, ಎಲ್ಲಾರೂ ಬರ್ರಿ" ಎಂದು ಇಳಕಲ್ ಸೀರೆಯ ಒಂದು ಚುಂಗು ಹಿಡಿದು ಹೊರಟಳು. ಬಣ್ಣ ನೋಡಲು ಬೀದಿಗಿಳಿಯುವುದು ಅವರಿಗೇನೂ ಹೊಸದಲ್ಲ. ಇನ್ನೊಂದು ಚುಂಗು ಹಿಡಿದು ಆದಮ್ಮ ಬಂದಳು, ಅವಳ ಹಿಂದೆ ಉಳಿದವರು.

ವಿರೇಶ ಮಾತ್ರ ಬರಲಿಲ್ಲ. ಸ್ಟೂಲು ಹತ್ತಿ, ಶೀಟಿನ ಸಂದಿಗೆ ಕೋಲು ಹಾಕಿ ಇಲಿ ಓಡಿಸುತ್ತಿದ್ದ.

"ಹೊರಗ ಬಾರೋ ಯಪ್ಪಾ!"

"ತಡಿ ಬೇ, ಬಂದೆ."

ಬಿಳಿ ಶೀಟು ಅವನ ತಲೆಯ ಮೇಲೆ ತುಂಬಿದ ಚೀಲದಂತೆ ಜೋತುಬಿದ್ದಿತ್ತು. ಗದ್ದೆಮ್ಮ ಆದಮ್ಮನ ರಟ್ಟೆ ಗಟ್ಟಿಯಾಗಿ ಹಿಡಿದು, ಬಜಾರೆಲ್ಲ ಕೇಳುವಂತೆ ಚೀರಿದಳು: "ಲೇ ವಿರೇಶ, ಕಳ್ಳೇರು! ಸೀರಿ ತಗೊಂಡು ಓಡಾಕತ್ತಾರ!"

"ನಿನ್ನ ಬಾಯಾಗ ಮಣ್ಣು ಬೀಳ್ಲಿ! ಯಾರಿಗೆ ಅಂತಿ ಕಳ್ಳೇರು ಅಂತ?" ಆದಮ್ಮ ಕೊಸರಿದಳು.

ವಿರೇಶ ಕೋಲು ಸಮೇತ ಹೊಸ್ತಿಲು ದಾಟಿ ಹಾರಿ ಬಂದ. ಅವನ ಬೆನ್ನ ಹಿಂದೆ ತೊಲೆ ಮುರಿಯಿತು. ಮಾಳಿಗೆಗೆ ಮಾಳಿಗೆಯೇ ಕೆಳಗಿಳಿದು, ಬಾಗಿಲಿನಿಂದ ಕೆಂಪು ಧೂಳು ಬೀದಿಗೆ ನುಗ್ಗಿತು.

ಧೂಳು ಮೆಲ್ಲಗೆ ಇಳಿಯಿತು. ವಿರೇಶ ರಸ್ತೆಯಲ್ಲೇ ಕುಕ್ಕರಿಸಿದ್ದ, ಮುಖವೆಲ್ಲ ಕೆಂಪು ಮಣ್ಣು. ಆದಮ್ಮ ತನ್ನ ರಟ್ಟೆ ಬಿಡಿಸಿಕೊಂಡು ಅವನ ಬಳಿ ಹೋಗಿ ಕುಳಿತಳು. ಕೈಯಲ್ಲೇ ಉಳಿದಿದ್ದ ಹೊಸ ಸೀರೆಯ ಚುಂಗಿನಿಂದ ಅವನ ಮುಖ ಒರೆಸತೊಡಗಿದಳು. ಮೊದಲು ಕಣ್ಣು, ಆಮೇಲೆ ಮೂಗು.