ಅಮಲ್ದಾರರು ಉಂಡ ಎಲೆ

ಕಲ್ಯಾಣಿ ಊಟದ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದಳು. ಮಗಳು ಧೃತಿ ಬಿಟ್ಟಿದ್ದ ಮೊಸರನ್ನವನ್ನು ಹಸಿಕಸದ ಬಿಯೋಮ್ಯುಲ್ ಡಬ್ಬಿಗೆ ಸುರಿಯಲು ಮನಸ್ಸು ಬರದೆ, ನಿಂತಲ್ಲೇ ಬಾಯಿಗೆ ಹಾಕಿಕೊಳ್ಳತೊಡಗಿದಳು. ಎಲ್ಲರದೂ ಮುಗಿದ ಮೇಲೆ ಉಳಿದದ್ದೇ ತನ್ನ ಊಟ. ಮೈಸೂರು ಬಿಟ್ಟು ಜರ್ಮನಿಯ ರೆನ್ನಿಂಗೆನ್‌ಗೆ ಬಂದರೂ ಆ ರೂಢಿ ಅವಳ ಜೊತೆಗೇ ಬಂದಿತ್ತು.

ತಲೆಯೊಳಗೆ ತಾನು ಬರೆಯುತ್ತಿದ್ದ ಕಾದಂಬರಿ. ಎಡ್ವರ್ಡ್ ದೊರೆಯ ಕಾಲ, ಮೈಸೂರು ಸೀಮೆ. ಊಟ ಮುಗಿಸಿ ಎದ್ದ ಅಮಲ್ದಾರರು ಜಗಲಿಯಲ್ಲೇ ಕುಸಿದು ಸಾಯುತ್ತಾರೆ. ಎಲೆಗೆ ಬಡಿಸಿದ ಪಾಯಸದಲ್ಲಿ ವಿಷವಿತ್ತೆಂದು ಪೊಲೀಸರು ಅಡುಗೆಯ ಶೀನಣ್ಣನನ್ನು ಹಿಡಿದಿದ್ದಾರೆ. ಇನ್ನು ಕೊನೆಯ ಅಧ್ಯಾಯದಲ್ಲಿ ಅವನನ್ನು ನೇಣಿಗೇರಿಸಬೇಕು. ಬರೆಯಲು ಕೂತಾಗಲೆಲ್ಲ ಕೈ ಹಿಂಜರಿಯುತ್ತಿತ್ತು. ಅವನಲ್ಲದಿದ್ದರೆ ಇನ್ಯಾರು ಎಂಬುದೂ ಹೊಳೆಯದು.

"ಎಡ್ವರ್ಡ್ ದೊರೆ ಆಳಿದ್ದೇ ಒಂಬತ್ತು ವರ್ಷ ಕಣೇ," ಎಂದ ಗಂಡ ಪ್ರಭಂಜನ, ಅವಳು ಯೋಚನೆಗೆ ಬಿದ್ದದ್ದನ್ನು ಕಂಡು, ಸೋಫಾದಿಂದಲೇ. "ನಿನ್ ನಾವೆಲ್ ಅವನನ್ನೂ ಓವರ್‌ಟೇಕ್ ಮಾಡತ್ತೆ."

"ನಿಮ್ಮ ಪ್ರಾಜೆಕ್ಟ್ ಮುಗಿದ ದಿನ ಇದೂ ಮುಗಿಯತ್ತೆ ಬಿಡಿ."

ನೀರಿಗೆಂದು ಬಂದ ಧೃತಿ ಮುಖ ಸಿಂಡರಿಸಿದಳು. "ಎಕ್ಲಿಶ್! ಛೀ, ಗಲೀಜು, ಅಮ್ಮಾ. ನನ್ನ ಪ್ಲೇಟಲ್ಲಿ ಯಾಕೆ ತಿಂತೀಯ? ಯಾರಾದ್ರೂ ನಂಗೆ ಪಾಯ್ಸನ್ ಹಾಕಿದ್ರೆ ಯು ಆರ್ ಆಲ್ಸೋ ಡೆಡ್."

ಕಲ್ಯಾಣಿಯ ಕೈ ಅಲ್ಲೇ ನಿಂತಿತು.

ಆ ಕಾಲದಲ್ಲಿ ಗಂಡ ಉಂಡ ಎಲೆಯಲ್ಲೇ ಹೆಂಡತಿಯ ಊಟ. ಅಮಲ್ದಾರರು ಬಿಟ್ಟ ಪಾಯಸ ಅವರ ಹೆಂಡತಿ ನಾಗವೇಣಿಯ ಹೊಟ್ಟೆಗೆ ಹೋಗಬೇಕಿತ್ತು. ಹೋಗಿರಲಿಲ್ಲ. ಬಡಿಸಿದವಳೇ ಅವಳು, ಆಮೇಲೆ ಹಸಿವಿಲ್ಲವೆಂದು ಆ ಎಲೆಯನ್ನು ಹಸುವಿಗೂ ಹಾಕದೆ ತಿಪ್ಪೆಯಲ್ಲಿ ಮುಚ್ಚಿದಳು. ಹಾಗೆಂದು ಮೊದಲ ಅಧ್ಯಾಯಗಳಲ್ಲೇ ಕಲ್ಯಾಣಿ ಬರೆದಿದ್ದಳು, ಯಾಕೆಂದು ಯೋಚಿಸದೆ. ಒಂಬತ್ತು ವರ್ಷದ ಮಗಳನ್ನು ಅಮಲ್ದಾರರು ಮರುದಿನವೇ ನಲವತ್ತರ ವಿಧುರನಿಗೆ ಧಾರೆ ಎರೆಯುವವರಿದ್ದರು ಎಂದೂ ಬರೆದಿದ್ದಳು.

"ಏನೇ, ಕೊಲೆಗಾರ ಸಿಕ್ಕಿದ್ನಾ? ಹಾಗೆ ನಿಂತಿದೀಯಲ್ಲ."

"ಇಲ್ಲ ರೀ. ಹುಡುಕ್ತಿದೀನಿ."

ಮಗಳ ತಟ್ಟೆಯಲ್ಲಿ ಉಳಿದಿದ್ದನ್ನು ಡಬ್ಬಿಗೆ ಸುರಿದಳು. ತನಗೆಂದು ತೊಳೆದ ತಟ್ಟೆ ತೆಗೆದು, ಬಿಸಿ ಅನ್ನ, ಸಾರು ಬಡಿಸಿಕೊಂಡು ಕಿಟಕಿಯ ಪಕ್ಕ ಕೂತಳು. ಕೊನೆಯ ಅಧ್ಯಾಯದಲ್ಲಿ ಎಲೆ ಸಿಗದೆ, ಸಾಕ್ಷಿಯಿಲ್ಲದೆ ಶೀನಣ್ಣ ಮನೆಗೆ ಹೋಗುತ್ತಾನೆ. ನಾಗವೇಣಿ ಮಗಳ ಕೈ ಹಿಡಿದು ರೈಲು ಹತ್ತುತ್ತಾಳೆ. ಅವಳು ಯಾರ ಕೈಗೂ ಸಿಗುವುದಿಲ್ಲ.

ಕಲ್ಯಾಣಿ ಅನ್ನಕ್ಕೆ ಇನ್ನೊಂದು ಚಮಚ ತುಪ್ಪ ಹಾಕಿಕೊಂಡಳು.