ಜೋಡಿ ಸೊಪ್ಪು

ಚಿಂಚೋಳಿಯಲ್ಲಿ ಬಸ್ಸಿಳಿದ ಕಲ್ಯಾಣಪ್ಪನಿಗೆ ಜಾನಬಿಯ ಮನೆಯ ದಾರಿ ಗೊತ್ತಿತ್ತು, ಹೋಗಲು ಮುಖವಿರಲಿಲ್ಲ.

ಸೇಡಂನ ಈ ತರುಣ ಹೈದರಾಬಾದಿನ ಕಾಲೇಜೊಂದರಲ್ಲಿ ಎಲೆಗಳಿಂದ ರಾಸಾಯನಿಕ ಬೇರ್ಪಡಿಸುವ ಸಂಶೋಧನೆಗೆ ಕುಳಿತಿದ್ದ. ಹೋದ ವರ್ಷ ಗುರುಗಳು ಲಕ್ಕಿ ಸೊಪ್ಪು ಕಿತ್ತು, ಒಣಗಿಸಿ, ಪುಡಿಮಾಡಿ ತಾ ಎಂದಿದ್ದರು. ಬಿಸಿಲಲ್ಲಿ ಬೇಲಿ ಅಲೆಯುವವರು ಯಾರು? ತಾಯಿಯ ಕೀಲುನೋವಿಗೆ ಲಕ್ಕಿ ಪುಡಿ ಕೊಡುತ್ತಿದ್ದ ಜಾನಬಿಯಿಂದ ಚೀಲ ತುಂಬಿಸಿಕೊಂಡು ಹೋಗಿ, 'ನಾನೇ ಕಿತ್ತೆ ಸರ್' ಎಂದುಬಿಟ್ಟ. ಮದ್ದಿನ ಮುದುಕಿಯ ಹೆಸರೆತ್ತಿದರೆ ಹಳ್ಳಿ ಗಮಾರ ಎಂದಾರು ಎಂಬ ಅಂಜಿಕೆ ಬೇರೆ.

ಪುಡಿಯನ್ನು ಆಲ್ಕೊಹಾಲಿನಲ್ಲಿ ನೆನೆಸಿ, ಸೋಸಿ, ಬತ್ತಿಸಿದಾಗ ತಳದಲ್ಲಿ ಬಿಳಿ ಹರಳುಗಳು ಕೂತವು. ಅವು ಕರಗಿದಷ್ಟೇ ಶಾಖಕ್ಕೆ ಕರಗುವ ಹರಳು ಯಾವ ಪುಸ್ತಕದಲ್ಲೂ ಇರಲಿಲ್ಲ. ಹೊಸ ವಸ್ತು! ಲಕ್ಕಿಯಲ್ಲಿ ಸಿಕ್ಕಿತೆಂದು ಗುರುಗಳು ವಿಜ್ಞಾನ ಪತ್ರಿಕೆಗೆ ಬರೆದು ಕಳಿಸಿದರು, ಕಲ್ಯಾಣಪ್ಪನ ಹೆಸರನ್ನೇ ಮೊದಲು ಹಾಕಿ. ಇನ್ನಷ್ಟು ಹರಳು ಬೇಕಾದಾಗ ಅವನು ಈ ಸಲ ನಿಜವಾಗಿಯೂ ತಾನೇ ಸೊಪ್ಪು ಕಿತ್ತ. ಮೂರು ಸಲ ಬತ್ತಿಸಿದರೂ ಒಂದು ಹರಳಿಲ್ಲ. 'ಮೊದಲಿನದೂ ನೀನೇ ಕಿತ್ತದ್ದು ತಾನೇ?' ಎಂದು ಗುರುಗಳು ಕೇಳಿದರು. 'ಹೌದು ಸರ್' ಎಂದ. ಒಂದು ಸುಳ್ಳು ಮುಚ್ಚಲು ಇನ್ನೊಂದು.

ಜಾನಬಿ ಅಂಗಳದಲ್ಲಿ ಸೊಪ್ಪು ಕುಟ್ಟುತ್ತಿದ್ದಳು.

"ಬಾ ಮಗಾ, ಕುಂದ್ರು. ಅವ್ವನ ಕೀಲುಬ್ಯಾನಿ ಹ್ಯಾಂಗದ?"

"ಕಡಿಮಿ ಆಗ್ಯಾದ ಆಯಿ. ಹೋದ ವರ್ಷ ನನಗ ಕೊಟ್ಟಿ ಅಲಾ, ಅದು ಬರೇ ಲಕ್ಕಿ ಪುಡೀನೇ ಹೌದಿಲ್ಲೊ?"

ಮುದುಕಿ ನಕ್ಕಳು. "ಬರೇ ಲಕ್ಕಿ ಯಾರ್ ಕೊಡ್ತಾರ? ಒಂಟಿ ಸೊಪ್ಪು ಮದ್ದಾಗಂಗಿಲ್ಲ. ಮೂರು ಹಿಡಿಗಿ ಒಂದು ಹಿಡಿ ಉತ್ತರಾಣಿ ಜೋಡಿ ಹಾಕಬೇಕು. ನಮ್ಮವ್ವನ ಕಾಲದಿಂದ ಹಂಗೇ ಅದ. ನೀ ಕೇಳಿದ್ರ ಹೇಳ್ತಿದ್ದೆ."

ಅವನು ಕೇಳಿರಲಿಲ್ಲ. ಬರೀ ಲಕ್ಕಿಯಲ್ಲಿ ಸಿಗದ ಹರಳು ಉತ್ತರಾಣಿಯದೇ ಇರಬೇಕು, ಲಕ್ಕಿಯದೆಂದು ಪತ್ರಿಕೆಗೆ ಹೋದದ್ದು ಸುಳ್ಳು. ನೆಲ ಬಾಯ್ಬಿಟ್ಟರೆ ಇಳಿದುಹೋಗುತ್ತಿದ್ದ. ತಲೆ ತಗ್ಗಿಸಿಕೊಂಡೇ ಎಲ್ಲವನ್ನೂ ಒಪ್ಪಿಕೊಂಡ. "ನಿನ್ನ ಹೆಸರು ಹೇಳಲಿಕ್ಕಿ ನಾಚಿದೆ ಆಯಿ. ಇವತ್ತೇ ಸರ್‌ಗೆ ಎಲ್ಲಾ ಬರದು ಹಾಕ್ತೀನಿ."

ಜಾನಬಿ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸಮಾಧಾನವಾದರೂ ಆಗುತ್ತಿತ್ತು. ಮೊಣಕಾಲು ಹಿಡಿದು ಎದ್ದವಳು ಮನೆಯ ಹಿಂದಿನ ಬೇಲಿಗೆ ಅವನನ್ನು ಕರೆದೊಯ್ದು ಉತ್ತರಾಣಿ ತೋರಿಸಿದಳು. ಬತ್ತಿಸಿ ನೋಡಲೆಂದು ಅವನು ಬಗ್ಗಿ ಎಲೆ ಕೀಳತೊಡಗಿದ. ಮುಳ್ಳುಬೀಜಗಳು ತೋಳಿಗೆಲ್ಲ ಅಂಟಿಕೊಂಡವು.

"ಸಾವಕಾಶ ಕೀಳು ಮಗಾ," ಎಂದಳು ಜಾನಬಿ, ಚೀಲದ ಬಾಯಿ ಅಗಲಿಸಿ ಹಿಡಿದು. "ಈ ಸಲ ನೀ 'ನಾನೇ ಕಿತ್ತೆ' ಅಂದ್ರ ಸುಳ್ಳಾಗಂಗಿಲ್ಲ."