ವಿಮಲಮ್ಮನ ಕೈತುತ್ತು

ಏಕಾಂತಯ್ಯನ ತಲೆ ಮತ್ತೆ ಎಡಕ್ಕೆ ವಾಲಿತು. ಗೋಡೆಗೆ ಒರಗಿಸಿ, ಕಾಲು ಮಡಿಸಿ ಕೂರಿಸಿದ್ದ ಹೆಣದ ಹಣೆಗೆ ಬಿಳಿ ಬಟ್ಟೆ ಸುತ್ತಿ ಮೊಳೆಗೆ ಬಿಗಿಯುತ್ತಿದ್ದ ಅವನ ತಮ್ಮನ ಮಗ ಬಸವಕುಮಾರ್, "ದೊಡ್ಡಮ್ಮ, ಒಸಿ ಹಿಡ್ಕೊಳಿ" ಅಂದ. ವಿಮಲಮ್ಮ ಗಂಡನ ಕೆನ್ನೆಗೆ ಅಂಗೈ ಕೊಟ್ಟು ನೇರವಾಗಿ ಹಿಡಿದಳು. ಹಾಗೆ ಹಿಡಿಯುವುದು ಅವಳಿಗೆ ಅಭ್ಯಾಸವಾಗಿಹೋಗಿತ್ತು.

"ನೋಡ್ರವ್ವ, ಈಗ್ಲೂ ಕೈ ಬುಟ್ಟಿಲ್ಲ." ಬಾಗಿಲ ಬಳಿ ಕೂತಿದ್ದ ಪಕ್ಕದ ಮನೆಯ ಬೋರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ತುಮಕೂರಿನ ಆಸ್ಪತ್ರೇಲಿ ಬಾಯಿಗೆ ಪೈಪ್ ಹಾಕಿ ಮಲಗ್ಸಿದ್ರು. ಡಾಕ್ಟ್ರೇ ಆಸೆ ಬುಟ್ಟಿದ್ರು. ಮನೆಗೆ ಕರ್ಕಂಬಂದು ಮಗೀನ್ ಸಾಕ್ದಂಗೆ ಸಾಕುದ್ಲು. ಒಂದಿನಾನೂ ಅವ್ರ ಕೈಲಿ ಅವ್ರು ಉಣ್ಣಕ್ಕೆ ಬುಡ್ಲಿಲ್ಲ ಕಣ್ರೀ."

"ಪುಣ್ಯಾತ್ಗಿತ್ತಿ," ಎಂದರು ಯಾರೋ.

ಹೊಗಳಿದವರ ಬಾಯಿ ಮುಚ್ಚಿಸಬೇಕೆನಿಸಿತು ವಿಮಲಮ್ಮನಿಗೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು.

* * *

ಕಾಯಿಲೆಗೆ ಮುಂಚೆ ಏಕಾಂತಯ್ಯ ಮನೆಯಲ್ಲಿ ನಿಂತ ಗಂಡಸಲ್ಲ. ಬೆಳಗಾದರೆ ತೋಟ, ತೋಟದಿಂದ ತಿಪಟೂರಿನ ಕೊಬ್ಬರಿ ಮಾರ್ಕೆಟ್ಟು, ಅಲ್ಲಿಂದ ಊರ ಜಗಲಿ ಕಟ್ಟೆ. ಊಟಕ್ಕೆ ಬಂದರೂ ತಟ್ಟೆ ನೋಡಿಕೊಂಡು ಉಂಡು, ಕೈ ತೊಳೆದು ಹೊರಟುಬಿಡುತ್ತಿದ್ದ. ಮಕ್ಕಳಿಲ್ಲದ ಆ ಮನೆಯಲ್ಲಿ ವಿಮಲಮ್ಮ ಗೋಡೆಯ ಜೊತೆ ಮಾತಾಡುವುದೊಂದು ಬಾಕಿಯಿತ್ತು.

ಶ್ವಾಸಕೋಶಕ್ಕೆ ಸೋಂಕು ತಗುಲಿ, ಸಾವಿನ ದವಡೆಯಿಂದ ಪಾರಾಗಿ ಬಂದವನು ಬೇರೆಯೇ ಮನುಷ್ಯನಾಗಿದ್ದ. ನೀರಿಗೂ "ವಿಮಲಾ", ಮಗ್ಗುಲು ಬದಲಿಸಲಿಕ್ಕೂ "ವಿಮಲಾ". ಮದುವೆಯಾದಂದಿನಿಂದ ಅಷ್ಟು ಸಲ ಅವಳ ಹೆಸರು ಆ ಬಾಯಲ್ಲಿ ಬಂದಿರಲಿಲ್ಲ. ಅವಳು ರಾತ್ರಿ ನಿದ್ದೆಗೆಟ್ಟು ಸೊರಗಿದಳು, ಆದರೆ ಒಳಗೊಳಗೇ ಸುಖವಾಗಿದ್ದಳು.

ವ್ಯಾಯಾಮ ಹೇಳಿಕೊಡಲು ಬಂದ ಹುಡುಗಿ, "ಅವರ ಕೆಲಸ ಅವರೇ ಮಾಡ್ಕೊಳ್ಳಲಿ ಅಮ್ಮ. ನೀವು ಮಾಡಿಕೊಟ್ಟಷ್ಟೂ ಬಲ ಬರೋದು ತಡ ಆಗುತ್ತೆ" ಎಂದು ಊರುಗೋಲೊಂದನ್ನು ಕೊಟ್ಟು ಹೋದಳು. ವಿಮಲಮ್ಮ ಆಗಲೆಂದು ತಲೆಯಾಡಿಸಿದಳು.

ಒಂದು ಮಧ್ಯಾಹ್ನ ಏಕಾಂತಯ್ಯ ತಾನೇ ಮುದ್ದೆ ಮುರಿದ. ಬೆರಳು ನಡುಗಲಿಲ್ಲ. ತುತ್ತನ್ನು ಸಾರಿನಲ್ಲಿ ಅದ್ದಿ, ನುಂಗಿ, ನಕ್ಕ.

"ನೋಡ್ದೇನೇ, ಕೈಗೆ ಬಲ ಬಂತು!"

ಅವಳಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಇವತ್ತು ಕೈಗೆ ಬಂತು, ನಾಳೆ ಕಾಲಿಗೆ ಬರುತ್ತದೆ. ಆಮೇಲೆ ಮತ್ತದೇ ತಿಪಟೂರು, ಅದೇ ಜಗಲಿ ಕಟ್ಟೆ. "ಸುಮ್ಕಿರಿ, ಗಂಟ್ಲಿಗೆ ಸಿಕ್ಕೊಂಡ್ರೆ?" ಎಂದು ತಟ್ಟೆ ಎಳೆದುಕೊಂಡಳು. ಅವನು ಸ್ವಲ್ಪ ಹೊತ್ತು ಅವಳ ಮುಖವನ್ನೇ ನೋಡಿದ. ಆಮೇಲೆ ಬಾಯಿ ತೆರೆದ.

ಅವತ್ತೇ ಊರುಗೋಲನ್ನು ಕೊಬ್ಬರಿ ಅಟ್ಟಕ್ಕೆ ಒಯ್ದು, ಒಣಗುತ್ತಿದ್ದ ಕಾಯಿಗಳ ಹಿಂದೆ ತಳ್ಳಿದಳು. ಅವನು ಕೇಳಿದ್ದಕ್ಕೆ "ಮುರ್ದೋಯ್ತು" ಅಂದಳು. ಏಕಾಂತಯ್ಯ ಮತ್ತೆ ಕೇಳಲಿಲ್ಲ. ನಿನ್ನೆ ಸಂಜೆ ಎದೆ ಹಿಡಿದುಕೊಂಡು ಒರಗುವವರೆಗೂ ಅವಳ ಕೈಯಲ್ಲೇ ಉಂಡ.

* * *

ಹೂವಿನಿಂದ ಸಿಂಗರಿಸಿದ ಬಿದಿರಿನ ವಿಮಾನದಲ್ಲಿ ಹೆಣವನ್ನು ಕೂರಿಸಿ ಹೊತ್ತವರು ಕೊಬ್ಬರಿ ಮನೆ ದಾಟಿ, ಕೆಳತೋಟಕ್ಕೆ ಇಳಿದು ನಿಂತುಬಿಟ್ಟರು. ಗುಂಡಿ ತೆಗೆದದ್ದು ಆ ತೋಟದ ಮೂಲೆಯಲ್ಲಿ. ಗಂಡ ಹಾಸಿಗೆ ಹಿಡಿದಾಗಿನಿಂದ ವಿಮಲಮ್ಮ ಈ ಕಡೆ ಕಾಲಿಟ್ಟಿರಲಿಲ್ಲ. ದಾರಿಗೆ ಅಡ್ಡಲಾಗಿ, ಮರದಿಂದ ಮರಕ್ಕೆ, ಸೊಂಟದೆತ್ತರದಲ್ಲಿ ತೆಂಗಿನ ನಾರಿನ ಹಗ್ಗ ಬಿಗಿದಿತ್ತು.

"ಯಾವನ್ಲಾ ಇಲ್ಲಿ ಹಗ್ಗ ಕಟ್ದೋನು? ಮಚ್ಚು ತಗೊಂಬಾರ್ಲಾ," ಎಂದ ಬಸವಕುಮಾರ್.

"ಕುಯ್ಯಬ್ಯಾಡಿ ಸ್ವಾಮಿ." ಅವರ ತೋಟದ ಕಾಯಿ ಕೆಡವುವ ಚಿಕ್ಕರಂಗಯ್ಯ ಮುಂದೆ ಬಂದ. ವಿಮಲಮ್ಮನ ಮುಖ ನೋಡಿ ತಲೆ ತಗ್ಗಿಸಿದ. "ನಾನೇ ಕಟ್ಟಿದ್ದು. ಯಜಮಾನ್ರು ಕಟ್ಸಿದ್ರು. ಅಮ್ಮಾರು ಬೆಳಿಗ್ಗೆ ಡೈರಿಗೆ ಹಾಲಾಕಕ್ಕೆ ಹೋದೇಟ್ಗೆ ಗ್ವಾಡೆ ಹಿಡ್ಕಂಡು ಬರೋರು. ಇದನ್ನ ಹಿಡ್ಕಂಡು ನಡ್ಯೋರು. ಅಮ್ಮಾರು ಬರೋ ಹೊತ್ಗೆ ಹೋಗಿ ಮಲಿಕ್ಕಳೋರು."

"ನಂಗ್ಯಾಕೆ ಹೇಳ್ಲಿಲ್ಲ ಚಿಕ್ಕರಂಗಯ್ಯ?"

"ಹೇಳ್ಬ್ಯಾಡ ಅಂದಿದ್ರು ಅಮ್ಮ. 'ನಂಗೆ ಉಣ್ಸೋದು ಅಂದ್ರೆ ಅವಳಿಗೆ ಬಲು ಖುಷಿ ಕಣ್ಲಾ. ಇಷ್ಟ್ ವರ್ಷ ಅವಳ್ನ ನಾನು ತಿರುಗಿ ನೋಡ್ಲಿಲ್ಲ. ಇದೊಂದಾದ್ರೂ ಇರ್ಲಿ ಬುಡು' ಅಂದ್ರು."

ಬಸವಕುಮಾರ್ ಮಚ್ಚು ಬೇಡವೆಂದು ಕೈಯಾಡಿಸಿದ. ಹೊತ್ತವರು ಪಕ್ಕದ ಬದುವಿನ ಮೇಲೆ ಸುತ್ತಿಕೊಂಡು ಮೂಲೆಯತ್ತ ಹೋದರು.

ವಿಮಲಮ್ಮ ಅಲ್ಲೇ ಉಳಿದಳು. ಅವನಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಬಾಯಿ ತೆರೆಯುತ್ತಿದ್ದ. ಅವಳು ಹಗ್ಗದ ಮೇಲೆ ಕೈಯಿಟ್ಟಳು. ಚುಚ್ಚಬೇಕಿದ್ದ ನಾರು ಅಂಗೈ ಆಡಿ ಆಡಿ ನುಣುಪಾಗಿತ್ತು. ಅದನ್ನೇ ಹಿಡಿದು ಮರದಿಂದ ಮರಕ್ಕೆ ನಡೆದಳು.

ಹಗ್ಗ ಮುಗಿಯಿತು. ನೀರು ಹಾಯಿಸಿದ್ದ ಮೆದು ಮಣ್ಣಿನಲ್ಲಿ, ಎಡಪಾದ ಕೊಂಚ ಹೊರಕ್ಕೆ ತಿರುಗಿದ, ಅವಳಿಗೆ ಚೆನ್ನಾಗಿ ಗೊತ್ತಿದ್ದ ಬರಿಗಾಲಿನ ಹೆಜ್ಜೆಗಳು ಅಲ್ಲಿಂದ ಮುಂದಕ್ಕೂ ಹೋಗಿದ್ದವು, ಹಿಡಿದುಕೊಳ್ಳಲು ಏನೂ ಇಲ್ಲದ ಕಡೆಗೆ.